ಆಕಾಶಕ್ಕೆ ಎದ್ದ ಗಾಳ

ಕೊಲ್ಲಿ ದೇಶದ ಮೀನಾ ಅಬ್ದುಲ್ಲಾ ಎಂಬ ಊರಿನ ರಿಫೈನರಿಯಲ್ಲಿ ಪಂಪು, ವಾಲ್ವು ರಿಪೇರಿ ಮಾಡುತ್ತಲೇ ಮುದಕಪ್ಪನ ತಲೆ ಅರ್ಧ ಬೆಳ್ಳಗಾಗಿತ್ತು. ಇಷ್ಟು ವರ್ಷ ಸಮುದ್ರದ ಮಗ್ಗುಲಲ್ಲೇ ದುಡಿದರೂ ಅವನಿಗೆ ಸಮುದ್ರವೆಂದರೆ ಕಂಪನಿ ಬಸ್ಸಿನ ಕಿಟಕಿಯಾಚೆ ಓಡುವ ನೀಲಿ ಪಟ್ಟಿ, ಅಷ್ಟೆ. ಬಾಗಲಕೋಟೆ ಕಡೆಯ ಲಿಂಗಾಯತರ ಮನೆಯವನು. ಕಂಪನಿಯ ಕ್ಯಾಂಪಿನಲ್ಲಿದ್ದ ಕಾಲದಲ್ಲಿ, ಮೆಸ್ಸಿನಲ್ಲಿ ಮೀನು ಹುರಿದ ದಿನ ಬರೀ ಖುಬೂಸು ರೊಟ್ಟಿ, ಮೊಸರು ತಿಂದು ಮಲಗುತ್ತಿದ್ದ. ಅಂಥವನು ಗಾಳ ಹಿಡಿದು ದೋಣಿ ಹತ್ತುತ್ತಾನೆಂದು ಹೇಳಿದ್ದರೆ ಅವನು ಈಗಿರುವ ರಿಗ್ಗೈ ಬಡಾವಣೆಯ ಇಡೀ ಬಿಲ್ಡಿಂಗು ಬಿದ್ದು ಬಿದ್ದು ನಗುತ್ತಿತ್ತು.

ಹತ್ತಿಸಿದವನು ಎದುರು ಫ್ಲ್ಯಾಟಿನ ಕೊನ್ರಾಡ್. ಉಡುಪಿ ಕಡೆಯವನು, ಆಫೀಸಿನಲ್ಲಿ ಅಕೌಂಟ್ಸ್ ಕೆಲಸ, ವಾರದ ರಜೆ ಶುಕ್ರವಾರ ಬಂತೆಂದರೆ ಸಣ್ಣದೊಂದು ಮೋಟಾರು ದೋಣಿ. ಅವನ ಜೊತೆಗಾರ ರಜೆಗೆ ಊರಿಗೆ ಹೋಗಿದ್ದ.

“ನೀವು ಮೀನು ಮುಟ್ಲಿಕ್ಕೇ ಇಲ್ಲ ಮಾರಾಯ್ರೆ. ನಾನು ದೋಣಿ ಮೆಲ್ಲ ಬಿಡ್ತೇನೆ, ನೀವು ಹಿಂದೆ ಕೂತು ಗಾಳದ ರಾಡ್ ಹಿಡ್ಕೊಂಡ್ರೆ ಸಾಕು. ಎಳೆಯೋದು, ಕೊಲ್ಲೋದು ಎಲ್ಲ ನಂದು.”

ಮುದಕಪ್ಪನಿಗೆ ಈ ಲೆಕ್ಕ ಬಹಳ ಹಿಡಿಸಿತು. ಮನೆಗೆ ಬಂದು ಹೆಂಡತಿ ನಿಂಗವ್ವನಿಗೂ ಅದನ್ನೇ ಒಪ್ಪಿಸಿದ: “ನಾ ಬರೇ ಹಿಡಕೊಂಡ ಕುಂಡ್ರಾಂವ. ಪಾಪ ಏನಿದ್ರೂ ಅಂವಂದು.”

ನಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. “ಹೋಗಿ ಬರ್ರಿ” ಅಂದಳು. ಬಡಿಯುವ ಸದ್ದು ಮಾತ್ರ ತುಸು ಜೋರಾಯಿತು.

ಜನವರಿಯ ಚಳಿಯಲ್ಲಿ ದೋಣಿ ಮನುಷ್ಯ ನಡೆದಷ್ಟೇ ನಿಧಾನವಾಗಿ ಹೊರಟಿತು. ಹಿಂದೆ ಬಹುದೂರದಲ್ಲಿ, ದಾರದ ತುದಿಗೆ, ತಗಡಿನ ಸುಳ್ಳು ಮೀನೊಂದು ನೀರೊಳಗೆ ಬಾಲ ಅಲ್ಲಾಡಿಸುತ್ತ ಬರುತ್ತಿತ್ತು. ಅದನ್ನು ನಿಜವೆಂದು ನಂಬಿದ ಮೀನು ಬೆನ್ನಟ್ಟಿ ಬಾಯಿ ಹಾಕಬೇಕು, ಒಳಗಿನ ಗಾಳಕ್ಕೆ ಸಿಕ್ಕಬೇಕು. ಇಷ್ಟೇ ವಿದ್ಯೆ. ರಾಡಿನ ಸಣ್ಣ ನಡುಕ ಮುದಕಪ್ಪನ ಬೆರಳಿಗೆ, ಸರಿಯಾಗಿ ಓಡುವ ಪಂಪಿನ ಮೇಲೆ ಕೈಯಿಟ್ಟಂತೆ ಹಿತವಾಗಿತ್ತು. ದೂರದಲ್ಲಿ ಅವನ ರಿಫೈನರಿಯ ಚಿಮಣಿಗಳು ಕಾಣುತ್ತಿದ್ದವು. ನೋಡನೋಡುತ್ತ ಅವನೊಳಗೆ ಒಂದು ಆಸೆ ಹುಟ್ಟಿತು. ಯಾರಿಗೂ ಕೇಳದಂತೆ ತುಟಿ ಅಲ್ಲಾಡಿಸಿದ: “ಒಂದರೆ ಮೀನ ಬೀಳ್ಲಿ, ಶಿವನೇ.”

ರಾಡು ಬಿಲ್ಲಿನಂತೆ ಬಾಗಿತು.

“ಬಿತ್ತು! ಬಿಡ್ಬೇಡಿ!” ಎಂದು ಕೊನ್ರಾಡ್ ಕೂಗಿದ. ಆದರೆ ದಾರ ನೀರಿಗೆ ಇಳಿಯಲಿಲ್ಲ. ನೀರಿನಿಂದ ಮೇಲೆದ್ದು, ಹನಿ ಸುರಿಸುತ್ತ, ನೆಟ್ಟಗೆ ಆಕಾಶಕ್ಕೆ ಹೋಯಿತು. ಮುದಕಪ್ಪ ಬಾಯಿ ಬಿಟ್ಟುಕೊಂಡು ಕತ್ತು ಮೇಲೆತ್ತಿದ. ಅಲ್ಲಿ ಒಂದು ಬಿಳಿಯ ಕಡಲಹಕ್ಕಿ ರೆಕ್ಕೆ ಬಡಿಯುತ್ತಿತ್ತು. ಅಲೆಯ ಮೇಲೆ ಮಿಂಚಿದ ಸುಳ್ಳು ಮೀನಿಗೆ ಅದೇ ಬಾಯಿ ಹಾಕಿತ್ತು. ಅದು ಚೀರಿದ ಚೀರಾಟ ಮೋಟಾರಿನ ಸದ್ದನ್ನೂ ಮೀರಿ ಅವನಿಗೆ ಕೇಳಿಸಿತು. ಅದು ಎಳೆದ ಎಳೆತವೆಲ್ಲ ಅವನ ಎರಡು ಕೈಗಳಿಗೇ ಬರುತ್ತಿತ್ತು.

“ಅಯ್ಯೋ ದೇವಾ! ದಾರ ಕೊಯ್ದು ಬಿಡಿ ಮಾರಾಯ್ರೆ, ಖಲಾಸ್!”

“ಗಾಳ ಅದರ ಬಾಯಾಗ ಉಳೀತೈತಲ್ರೀ!” ಮುದಕಪ್ಪ ಗದರಿಯೇ ಬಿಟ್ಟ. “ಮುಂದ ಏನ್ ತಿನ್ನಬೇಕು ಅದು? ದೋಣಿ ನಿಂದರಸ್ರಿ!”

ದಾರ ಸುತ್ತಿ ಹಕ್ಕಿಯನ್ನು ಹತ್ತಿರಕ್ಕೆ ತಂದ. ಜಾಕೀಟು ಬಿಚ್ಚಿ ಅದರ ಮೇಲೆ ಹಾಕಿ ತಬ್ಬಿಕೊಂಡ. ಗಾಳ ಕೊಕ್ಕಿನ ಮೂಲೆಯಲ್ಲಿ ನೆಟ್ಟಿತ್ತು. ಅದರ ತುದಿಗೆ ಹಿಂದಕ್ಕೆ ಬಾಗಿದ ಮುಳ್ಳು. ಬಂದ ದಾರಿಯಲ್ಲೇ ಎಳೆದರೆ ಮಾಂಸ ಕಿತ್ತುಬರುತ್ತದೆ. ಕಣ್ಣು ಕಿರಿದು ಮಾಡಿ, ಗಾಳವನ್ನು ಇನ್ನಷ್ಟು ಮುಂದಕ್ಕೆ ದೂಡಿ ಆಚೆ ಬದಿಗೆ ತಂದು, ಮುಳ್ಳನ್ನು ಕಟಿಂಗ್ ಪ್ಲೈಯರಿನಿಂದ ಕತ್ತರಿಸಿ, ಉಳಿದದ್ದನ್ನು ಮೆಲ್ಲಗೆ ಹಿಂದಕ್ಕೆಳೆದ. ಹಕ್ಕಿ ಅವನ ಹೆಬ್ಬೆರಳನ್ನು ಕಚ್ಚಿ ಹಿಡಿದಿತ್ತು. ಯಾರ ರಕ್ತ ಎಲ್ಲಿ ಮುಗಿದು ಯಾರದು ಎಲ್ಲಿ ಶುರುವೋ ತಿಳಿಯುವಂತಿರಲಿಲ್ಲ.

ನೀರಿಗೆ ಬಿಟ್ಟರೆ ಅದು ಹಾರಲಿಲ್ಲ. ಸುಮ್ಮನೆ ತೇಲಿತು. ಸತ್ತೇ ಹೋಗುತ್ತದೆಂದು ಮುದಕಪ್ಪ ಹೆದರಿದ. ಬಹಳ ಹೊತ್ತಾದ ಮೇಲೆ ರೆಕ್ಕೆ ಕೊಡವಿ, ನೀರಿಗೆ ಹೊಟ್ಟೆ ತಾಗಿಸುವಷ್ಟು ಕೆಳಗೆ ಹಾರುತ್ತ ದೂರವಾಯಿತು. ಅವನು ದೋಣಿಯ ತಳದಲ್ಲಿ ಕುಸಿದು ಕೂತು ಸಣ್ಣ ಹುಡುಗನಂತೆ ಅತ್ತುಬಿಟ್ಟ. ಕೊನ್ರಾಡ್ ದೋಣಿಯನ್ನು ದಡಕ್ಕೆ ತಿರುಗಿಸಿದ.

ಮನೆಯಲ್ಲಿ ನಿಂಗವ್ವ ಗಾಯ ತೊಳೆದು ಅರಿಶಿನ ಒತ್ತಿದಳು. ಮುದಕಪ್ಪ ನಡೆದದ್ದನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ದನಿಯಲ್ಲಿ ತುಸು ಹೆಮ್ಮೆಯೂ ಸೇರಿತು.

“ಚಲೋ ಮಾಡಿದ್ರಿ. ಜೀವ ಉಳಿಸಿದ್ರಿ” ಅಂದಳು ಅವಳು. ಬಟ್ಟೆ ಕಟ್ಟುತ್ತಿದ್ದ ಕೈ ನಡುವೆ ನಿಂತಿತು. “ಹಕ್ಕಿ ಒದರಿತು, ನಿಮಗ ಕೇಳಿಸ್ತು. ಮೀನ ಒದರೂದಿಲ್ಲಲ್ರೀ?”

ಅವಳು ಕೊಂಕು ತೆಗೆದು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಹಕ್ಕಿಯ ಆ ಚೀರಾಟ ಮುದಕಪ್ಪನ ಕಿವಿಯಲ್ಲಿ ಮತ್ತೆ ಎದ್ದಿತು. ಎಲ್ಲವನ್ನೂ ಹೇಳಿದ್ದ ಅವನು, ಒಂದರೆ ಮೀನ ಬೀಳ್ಲಿ ಎಂದು ಶಿವನನ್ನು ಬೇಡಿಕೊಂಡದ್ದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ.