ಮಿಷಿನ್ ಪೆಟ್ಟಿಗೆ ಚರ್ಚಿನ ಇನ್ನಾಸಪ್ಪ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ಸುಳ್ಳು ಹೇಳಿದ್ದು ನೀವು, ಎಲ್ಲರೆದುರು ತಲೆ ತಗ್ಗಿಸಿ ನಿಂತಿದ್ದು ಇನ್ನೊಬ್ಬರು, ಅದನ್ನು ನೋಡಿಕೊಂಡು ಸುಮ್ಮನಿದ್ದದ್ದು ಮತ್ತೆ ನೀವೇ? ನನಗೆ ಆಗಿದೆ. ಆ ಇನ್ನೊಬ್ಬರ ಹೆಸರು ಇನ್ನಾಸಪ್ಪ.

ಇನ್ನಾಸಪ್ಪನವರು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಆ ಹಲಗೆ ಯಾವ ಮಿಷಿನ್ ಜೊತೆ ಬಂತು ಎಂದು ಹೇಳಿಬಿಡುತ್ತಿದ್ದರು. "ಇದು ಲೇತು. ಇದು ಡ್ರಿಲ್ಲಿಂಗು. ಇದು ಗ್ರೈಂಡಿಂಗ್ ಮಿಷಿನ್ದು, ಅದ್ಕೇ ವಸಿ ದಪ್ಪ."

ಆ ಗೋಡೆ ಲಗ್ಗೆರೆಯ ಆಚೆ, ಹಳೇ ಊರಿನೊಳಗಿರುವ ಮರದ ಚರ್ಚಿನದು. ನಲವತ್ತು ವರ್ಷಕ್ಕೂ ಹಿಂದೆ ಪೀಣ್ಯದ ಕಾರ್ಖಾನೆಗಳಿಗೆ ಹೊರದೇಶದ ಮಿಷಿನ್‌ಗಳು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಒಂದು ಕಾರ್ಖಾನೆಯಲ್ಲಿ ಆ ಪೆಟ್ಟಿಗೆ ಬಿಚ್ಚುವ ಕೆಲಸ ಇವರದು. ಬಿಚ್ಚಿದ ಮರ ಕ್ಯಾಂಟೀನಿನ ಒಲೆಗೆ ಹೋಗುತ್ತಿತ್ತು. ಇವರು ಸಾಹೇಬರನ್ನು ಕೇಳಿ ಒಳ್ಳೆಯ ಹಲಗೆಗಳನ್ನು ತೆಗೆದಿಟ್ಟರು. ಊರಿನ ಏಳು ಕ್ರೈಸ್ತ ಮನೆಗಳ ಗಂಡಸರು ಶಿಫ್ಟ್ ಮುಗಿಸಿ ಅವನ್ನು ಹೊತ್ತು ತಂದರು. ಎರಡು ವರ್ಷ ಮರ ಹೊತ್ತು ಕಟ್ಟಿದ ಚರ್ಚು ಅದು.

ಒಳಗೆ ಹೋದರೆ ಇವತ್ತಿಗೂ ಹಲಗೆಗಳ ಮೇಲೆ ಕಪ್ಪು ಬಾಣದ ಗುರುತು ಕಾಣುತ್ತದೆ, ಪೆಟ್ಟಿಗೆಯ ಯಾವ ಭಾಗ ಮೇಲಿರಬೇಕು ಎಂದು ತೋರಿಸುವಂಥದ್ದು. ಒಂದೇ ಒಂದು ಬಾಣವೂ ಕೆಳಮುಖವಾಗಿಲ್ಲ. ಯಾಕೆ ಎಂದು ಕೇಳಿದ್ದೆ.

"ಕೆಳಕ್ ಮಾಡಿ ಮೊಳೆ ಹೊಡುದ್ರೆ ಪ್ರಾರ್ಥನೆ ಎಲ್ಲಾ ನೆಲಕ್ಕೋಯ್ತದೆ ಮೇಡಂ" ಎಂದು ನಗದೆಯೇ ಹೇಳಿದ್ದರು.

ಮುಂದುಗಡೆ ಕಾಂಕ್ರೀಟಿನ ಹೊಸ ಚರ್ಚು ಎದ್ದ ಮೇಲೆ ಹಳೆಯದನ್ನು ಕೆಡವಲು ಇನ್ನಾಸಪ್ಪ ಬಿಡಲಿಲ್ಲ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಮಕ್ಕಳನ್ನು ಅಲ್ಲಿ ನೋಡಿಕೊಳ್ಳೋಣ ಎಂದು ಕಮಿಟಿಯನ್ನು ಒಪ್ಪಿಸಿದರು. ತೊಲೆಗಳಿಗೆ ಸೀರೆಯ ತೊಟ್ಟಿಲು ಬಿದ್ದವು. ಬೀಗದ ಕೈ ಮಾತ್ರ ಅವರ ಉಡಿದಾರದಲ್ಲೇ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆಯುವವರೂ ಅವರೇ, ಸಂಜೆ ಕೊನೆಯ ತಾಯಿ ಬರುವವರೆಗೆ ಕಾಯುವವರೂ ಅವರೇ.

"ತಾತಾ, ಇವತ್ತು ಓಟಿ ಐತೆ, ಲೇಟಾಯ್ತದೆ" ಎಂದು ಯಾವುದಾದರೂ ಹುಡುಗಿ ಅಳುಮುಖ ಮಾಡಿದರೆ, "ಓಗ್ ಬಾರವ್ವ. ನಿನ್ ಮಗ ಪೀಠದ ಕಟ್ಟೆ ಮೇಲೆ ಮಲಗವ್ನೆ, ಬಿಷಪ್ಪಿಗೂ ಸಿಗಲ್ಲ ಆ ಜಾಗ" ಎನ್ನುತ್ತಿದ್ದರು.

ಆ ಮನುಷ್ಯನ ಹತ್ತಿರ ಇದ್ದಿದ್ದು ಆ ಕೀ ಮತ್ತು ಊರಿನ ನಂಬಿಕೆ. ಎರಡೂ ಹೋಗಿದ್ದು ನನ್ನಿಂದ.

ನನ್ನ ಪೇಜು ನಿಮಗೆ ಗೊತ್ತಲ್ಲ. ಹಳೇ ಕಟ್ಟಡ, ಹಳೇ ಕಥೆ, ಅವುಗಳ ವಿಡಿಯೋ. ಇನ್ನಾಸಪ್ಪ ನನ್ನ ಫೋನಿನ ಮುಂದೆ ಹನ್ನೊಂದು ನಿಮಿಷ ಮಾತಾಡಿದರು. ಬಾಗಿಲ ಪಕ್ಕದ ಹಲಗೆ ತಟ್ಟಿ ಅವರು ಹೇಳಿದ್ದು ಇದು: "ಇದು ಇಂಗ್ಲೆಂಡಿಂದ ಬಂದಿದ್ದು ಮೇಡಂ, ಲೇತ್ ಮಿಷಿನ್ ಪೆಟ್ಟಿಗೆ. ನಮ್ ಚೌರಪ್ಪನ ಅಪ್ಪ ಒಬ್ನೇ ಹೊತ್ಕಂಡ್ ಬಂದ. ಭುಜ ಕಿತ್ತೋಗಿತ್ತು, ಒಂದ್ ವಾರ ಅಂಗಿ ಹಾಕಕ್ಕಾಗ್ಲಿಲ್ಲ ಅವ್ನಿಗೆ."

ನಾನು ಉಳಿಸಿಕೊಂಡಿದ್ದು ಮೊದಲ ನಾಲ್ಕು ಪದ. ಮಿಕ್ಕಿದ್ದನ್ನು ಕತ್ತರಿಸಿ, ಬ್ರಿಟಿಷರು ಹಡಗಿನಲ್ಲಿ ಮರ ತರಿಸಿ ಕಟ್ಟಿದ ಚರ್ಚು ಎಂದು ನನ್ನ ದನಿ ಸೇರಿಸಿದೆ. ಪೆಟ್ಟಿಗೆ ಮರದ ಚರ್ಚು ಎಂದರೆ ಯಾರು ನೋಡುತ್ತಾರೆ ಅನ್ನಿಸಿತು. ಅಷ್ಟೇ ಕಾರಣ, ಇದಕ್ಕಿಂತ ದೊಡ್ಡದೇನೂ ಇಲ್ಲ.

ವಿಡಿಯೋ ಓಡಿತು. ನನ್ನ ಯಾವ ವಿಡಿಯೋವೂ ಹಾಗೆ ಓಡಿರಲಿಲ್ಲ. ಭಾನುವಾರ ಜನ ಕಾರು ಮಾಡಿಕೊಂಡು ಬಂದು ಆ ಬಾಗಿಲಿನ ಮುಂದೆ ಫೋಟೋ ತೆಗೆಸಿಕೊಳ್ಳತೊಡಗಿದರು. ಆ ಗುಂಪನ್ನೂ ಶೂಟ್ ಮಾಡೋಣ ಎಂದು ನಾನೂ ಹೋದೆ. ಪೂಜೆ ಮುಗಿದು ಎಲ್ಲರೂ ಹೊರಗೆ ಬಂದಿದ್ದರು. ಕಮಿಟಿಯ ಮುಖ್ಯಸ್ಥ ಚೌರಪ್ಪ, ಅದೇ ಭುಜ ಕಿತ್ತುಹೋದವರ ಮಗ, ಅಂಗಳದಲ್ಲೇ ಇನ್ನಾಸಪ್ಪನವರನ್ನು ನಿಲ್ಲಿಸಿಕೊಂಡ.

"ಏನ್ ಮಾವಾ, ನಮ್ಮಪ್ಪ ಹೊತ್ತ ಮರ ಈಗ ಬ್ರಿಟಿಷ್ನೋರ್ದಾಯ್ತಾ? ಫೋನಲ್ಲಿ ಮಖ ತೋರ್ಸಕ್ಕೆ ಇಂಥಾ ಸುಳ್ಳಾ?"

"ನಾನ್ ಅಂಗ್ ಏಳಿಲ್ಲ ಕಣೋ ಚೌರ."

"ನಿನ್ ಬಾಯಲ್ಲೇ ಬಂದದೆ, ಕೇಳು." ಚೌರಪ್ಪ ನನ್ನ ವಿಡಿಯೋ ಹಾಕಿ ಅವರ ಕಿವಿಗೆ ಹಿಡಿದ. ತಮ್ಮದೇ ದನಿ ಕೇಳಿ ಇನ್ನಾಸಪ್ಪ ಬೆಪ್ಪಾದರು. ಆಮೇಲೆ ಗುಂಪಿನಲ್ಲಿ ನನ್ನನ್ನು ಕಂಡು ಅವರ ಮುಖ ಅರಳಿತು.

"ಅಗೋ, ಮೇಡಂ ಇಲ್ಲೇ ಅವ್ರೆ. ಮೇಡಂ, ನಾನ್ ಇನ್ನೂ ಏಳಿದ್ನಲ್ಲ, ಪೂರ್ತಿ ತೋರ್ಸಿ ಇವ್ರಿಗೆ."

ಎಲ್ಲರೂ ನನ್ನ ಕಡೆ ತಿರುಗಿದರು. ಪೂರ್ತಿ ವಿಡಿಯೋ ನನ್ನ ಕೈಯಲ್ಲಿದ್ದ ಫೋನಿನಲ್ಲೇ ಇತ್ತು.

"ಅದು ಡಿಲೀಟ್ ಆಗೋಯ್ತು ಅಂಕಲ್" ಎಂದೆ.

ಚೌರಪ್ಪ ಕೀ ಕೇಳಿದ. ಇನ್ನಾಸಪ್ಪ ಅಂಗಿ ಎತ್ತಿ ಉಡಿದಾರದ ಗಂಟು ಬಿಚ್ಚಲು ನೋಡಿದರು. ಗಂಟು ಬಿಗಿಯಾಗಿತ್ತು. ತುಂಬಾ ಹೊತ್ತಾಯಿತು. ಯಾರೂ ಮುಂದೆ ಬರಲಿಲ್ಲ. ನಾನೂ.

ಆ ವಾರವೇ ಅವರು ಬೊಮ್ಮನಹಳ್ಳಿಯ ಮಗಳ ಮನೆಗೆ ಹೋದರು. ನಾನು ಇವತ್ತು ಸರಿ ಮಾಡುತ್ತೇನೆ, ನಾಳೆ ಮಾಡುತ್ತೇನೆ ಅಂದುಕೊಂಡು ನಾಲ್ಕು ತಿಂಗಳು ಕಳೆದೆ. ಕೊನೆಗೆ ತಡೆಯಲಾಗದೆ ಹೋದೆ. ಅವರು ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಬನ್ನಿ ಮೇಡಂ" ಎಂದು ಜಾಗ ಮಾಡಿಕೊಟ್ಟರು. ಫೋನ್ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಹನ್ನೊಂದು ನಿಮಿಷವನ್ನೂ ನೋಡಿದರು.

"ಡಿಲೀಟ್ ಆಗೋಯ್ತು ಅಂದಿದ್ರಲ್ಲ ಮೇಡಂ."

ಚೌರಪ್ಪನಿಗೆ ತೋರಿಸಿ ಕೀ ವಾಪಸ್ ಕೊಡಿಸುತ್ತೇನೆ ಎಂದೆ.

"ಕೊಡ್ತಾನೆ. ಫೋನ್ ನೋಡಿ ಕಿತ್ಕಂಡ, ಫೋನ್ ನೋಡಿ ಕೊಡ್ತಾನೆ. ಉಟ್ದಾಗಿಂದ ನನ್ನ ನೋಡ್ಕಂಡ್ ಬಂದವ್ನೆ ಮೇಡಂ, ಅದ್ ಸಾಲ್ಲಿಲ್ವಾ?"

ಅಷ್ಟರಲ್ಲಿ ಮಗಳು ಕಾಫಿ ತಂದಿಟ್ಟಳು. "ಕುಡೀರಿ, ಆರೋಯ್ತದೆ" ಎಂದರು. ಬೈದಿದ್ದರೆ ಕುಡಿಯುತ್ತಿದ್ದೆನೇನೋ.

ಇಷ್ಟಾದ ಮೇಲೂ ಚೌರಪ್ಪನ ಹತ್ತಿರ ಹೋಗಲು ನಾನು ಮೂರು ವಾರ ಮಾಡಿದೆ. ಅಷ್ಟರಲ್ಲಿ ಇನ್ನಾಸಪ್ಪ ತೀರಿಕೊಂಡರು. ಮಣ್ಣಾದ ಮಾರನೇ ದಿನ ಚೌರಪ್ಪನಿಗೆ ಫೋನ್ ಕೊಟ್ಟೆ. ಅಪ್ಪನ ಭುಜದ ಮಾತು ಬಂದಾಗ ಅವನು ನಿಲ್ಲಿಸಿ, ಹಿಂದಕ್ಕೆ ಹಾಕಿ ಮತ್ತೆ ಕೇಳಿದ.

"ಇದು ನಂಗೇ ಗೊತ್ತಿರ್ಲಿಲ್ಲ ಕಣಕ್ಕ. ಒಂದ್ ವಾರ ಮುಂಚೆ ತರಬಾರ್ದಿತ್ತಾ? ಕೈ ಮುಗುದು ತಪ್ಪಾಯ್ತು ಮಾವಾ ಅಂತ ಕೇಳ್ಕತಿದ್ದೆ."

ಹಳೇ ವಿಡಿಯೋ ತೆಗೆದುಹಾಕಿದ್ದೇನೆ. ಪೂರ್ತಿ ಹನ್ನೊಂದು ನಿಮಿಷ ಇವತ್ತು ಹಾಕಿದ್ದೇನೆ, ಒಂದು ಪದವನ್ನೂ ಮುಟ್ಟಿಲ್ಲ. ದಯವಿಟ್ಟು ಕೆಳಗೆ ಕಾಮೆಂಟಿನಲ್ಲಿ ನನಗೆ ಸಮಾಧಾನ ಹೇಳಬೇಡಿ. ನೀವು ಯಾರ ಮಾತನ್ನಾದರೂ ಅರ್ಧಕ್ಕೆ ಕತ್ತರಿಸಿ ಊರಿಗೆ ಹಂಚಿದ್ದರೆ, ಮಿಕ್ಕ ಅರ್ಧವನ್ನು ಇಲ್ಲಿ ಬರೆಯಿರಿ. ಅವರು ಇನ್ನೂ ಬದುಕಿದ್ದರೆ ಮೊದಲು ಅವರ ಮನೆಗೆ ಹೋಗಿ, ಬರೆಯುವುದು ಆಮೇಲೆ.