ರೊಕಿಯಾ ಅಕ್ಕನ ಅಂಟದ ಗಾಜು

ಮಲೇಷ್ಯಾದ ಬಾಯಾನ್ ಲೆಪಾಸ್‌ನ ಕಾರ್ಖಾನೆ ಸಾಲಿನಲ್ಲಿ ಬೆಳಕು ಹರಿಯುವ ಹೊತ್ತು. ರೊಕಿಯಾ ಗಾಜಿನ ತೊಟ್ಟಿಯ ಮುಂದೆ ಉಸಿರು ಬಿಗಿಹಿಡಿದು ನಿಂತಿದ್ದಾರೆ. ಅಡಿಯಿಂದ ಮುಡಿಯವರೆಗೆ ಬಿಳಿ ನಿಲುವಂಗಿ, ಕಾಣುವುದು ಕಣ್ಣೆರಡೇ. ಉಗುರಗಲದ ಗಾಜಿನ ಚಿಪ್‌ಗಳನ್ನು ಜೋಡಿಸಿದ ಚೌಕಟ್ಟನ್ನು ಅವರು ದ್ರಾವಣದಿಂದ ಎಷ್ಟು ನಿಧಾನವಾಗಿ ಎತ್ತುತ್ತಾರೆಂದರೆ, ಅವರ ಕೆಲಸ ನೋಡಲು ಬಂದ ನನಗೇ ತಾಳ್ಮೆ ತಪ್ಪುತ್ತದೆ. ಕೈ ಅದುರಿದರೆ ಲೇಪನ ಒಂದೆಡೆ ದಪ್ಪ, ಒಂದೆಡೆ ತೆಳು.

"ಈಗ ಮಾತಾಡಿಸ್ಬೇಡಿ. ಆಮೇಲೆ ಎಷ್ಟಾದ್ರೂ ಹರಟೋಣ."

ಒಂದು ತೊಟ್ಟು ರಕ್ತದಲ್ಲಿ ಡೆಂಗಿ ಜ್ವರವನ್ನು ಹಿಡಿಯುವ ಚಿಪ್ ಇದು. ಆದರೆ ರಕ್ತದಲ್ಲಿರುವ ನೂರಾರು ಪ್ರೋಟೀನುಗಳು ಕರೆಯದ ನೆಂಟರಂತೆ ಬಂದು ಗಾಜಿಗೆ ಅಂಟಿ ಕೂರುತ್ತವೆ. ಬೇಕಾದ ಡೆಂಗಿಯ ಗುರುತಿಗೇ ಜಾಗವಿರುವುದಿಲ್ಲ. ರೊಕಿಯಾ ಹಚ್ಚುವ ಪಾಲಿಮರ್ ಲೇಪನ ಮೈಮೇಲೆ ನೀರಿನ ಪೊರೆ ಹಿಡಿದಿಟ್ಟುಕೊಂಡು ಅವನ್ನೆಲ್ಲ ಜಾರಿಸಿಬಿಡುತ್ತದೆ. ನಡುವೆ ನೆಟ್ಟ ಪ್ರತಿಕಾಯಗಳಿಗೆ ಡೆಂಗಿಯ ಗುರುತು ಮಾತ್ರ ಸಿಕ್ಕಿಬೀಳುತ್ತದೆ.

"ಹಲಸು ಬಿಡಿಸೋ ಮುಂಚೆ ಕೈಗೆ ಎಣ್ಣೆ ಸವರ್ಕೊಳ್ಳಲ್ವಾ? ಅಷ್ಟೇ ಇದು."

ಅಷ್ಟೇ ಅಂತೆ! ಕೂದಲೆಳೆಯ ಸಾವಿರದಲ್ಲೊಂದು ಪಾಲೂ ದಪ್ಪವಿಲ್ಲದ ಎಣ್ಣೆ. ನನಗಂತೂ ಇದು ಪವಾಡವೇ.

ರೊಕಿಯಾ ಕ್ವಾಲಾ ಕುರಾವ್‌ನ ಮೀನುಗಾರರ ಮಗಳು. ಬಾಲ್ಯದಲ್ಲಿ ಬಲೆ ಹೆಣೆದ ಬೆರಳುಗಳು, ಆಮೇಲೆ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹೊಲಿದವು. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದರು. ಹೋದ ಮಳೆಗಾಲ ಊರಿನಲ್ಲಿದ್ದ ತಂಗಿ ಸಬರಿಯಾಗೆ ಜ್ವರ ಬಂದಾಗ ಅಲ್ಲಿನ ಚಿಕಿತ್ಸಾಲಯದ ಹಳೆಯ ಚಿಪ್ 'ಡೆಂಗಿ ಇಲ್ಲ' ಎಂದಿತು. ಮನೆಗೆ ಕಳಿಸಿದರು. ಮರುದಿನ ವಸಡಿನಿಂದ ರಕ್ತ. ಸಾವಿನ ಬಾಯಿಂದ ಬದುಕಿ ಬಂದಳು ಸಬರಿಯಾ. ಈ ಹೊಸ ಚಿಪ್‌ಗಳು ಮೊದಲು ಹೋಗಬೇಕಾದುದು ಅದೇ ಚಿಕಿತ್ಸಾಲಯಕ್ಕೆ. ಇವತ್ತಿನ ಪರೀಕ್ಷೆಯಲ್ಲಿ ಲೇಪನ ಸೋತರೆ ಈ ಮಳೆಗಾಲಕ್ಕಂತೂ ಹೋಗುವುದಿಲ್ಲ.

ಪರೀಕ್ಷೆಗೆ ಆರೋಗ್ಯವಂತರ ರಕ್ತ ಬೇಕು; ಅದರಿಂದ ಗಾಜಿಗೆ ಏನೂ ಅಂಟಬಾರದು. ಸರದಿ ರೊಕಿಯಾ ಅವರದು. ನರ್ಸ್ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸುತ್ತಾರೆ. ಮೇಲೆ ತೇಲಬೇಕಾದ ತಿಳಿ ಹಳದಿ ದ್ರವ ತೆಂಗಿನ ಹಾಲಿನಷ್ಟು ಬೆಳ್ಳಗಿದೆ. ವಿಭಾಗದ ಮುಖ್ಯಸ್ಥ ಖೂ ಕೊಳವೆಯನ್ನು ಎತ್ತಿ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ.

"ಅಕ್ಕಾ, ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದೆ. ಉಪವಾಸದ ತಿಂಗಳಲ್ಲೇ ಉಂಡು ಬಂದಿದ್ದೀರಲ್ಲ!"

"ಬೆಳಗಾಗೋ ಮುಂಚೆ ಉಣ್ಣದೆ ಸಂಜೆ ತನಕ ಹೇಗಿರ್ಲಿ ಸಾರ್? ರಾತ್ರಿ ಮಾಡಿದ್ದ ಮಾಂಸದ ರೆಂಡಾಂಗ್ ಮಿಕ್ಕಿತ್ತು. ಎರಡು ಸಲ ಬಡಿಸ್ಕೊಂಡೆ. ಇದನ್ನ ಚೆಲ್ಲಿ, ಬೇರೆಯವರ ರಕ್ತ ತಗೊಳ್ಳಿ."

"ಚೆಲ್ಲೋದಾ? ಜ್ವರ ಬಂದೋರು ಹೊಟ್ಟೆ ಖಾಲಿ ಮಾಡ್ಕೊಂಡು ಬರ್ತಾರಾ? ಇದನ್ನೇ ಹಾಕೋಣ."

ರೊಕಿಯಾ ಅವರ ಮುಖ ಬಾಡುತ್ತದೆ. ಕೊಬ್ಬು ತುಂಬಿದ ರಕ್ತ ಗಾಜಿಗೆ ಪರಮ ಶತ್ರು. ತಾನೇ ಉಂಡ ಊಟ ತಾನೇ ಹಚ್ಚಿದ ಲೇಪನದ ಮೇಲೆ ದಂಡೆತ್ತಿ ಬಂದಿದೆ. "ನನ್ನ ನಾಲಿಗೆ ಚಪಲಕ್ಕೆ ಬೆಂಕಿ ಹಾಕ," ಎಂದು ಗೊಣಗುತ್ತಾ ಅವರು ಮೂಲೆಯ ಕುರ್ಚಿ ಹಿಡಿಯುತ್ತಾರೆ.

ರಕ್ತದ ದ್ರವ ಹರಿಸಿ, ತೊಳೆದು, ಹೊಳೆಯುವ ಬಣ್ಣ ಹಾಕುತ್ತಾರೆ. ಏನಾದರೂ ಅಂಟಿದ್ದರೆ ಪರದೆಯ ಮೇಲೆ ಹಸಿರಾಗಿ ಹೊಳೆಯಬೇಕು. ಲೇಪನವಿಲ್ಲದ ಗಾಜು ಪಾಚಿಗಟ್ಟಿದ ಕೆರೆಯಂತೆ ಪೂರ್ತಿ ಹಸಿರು. ಈಗ ರೊಕಿಯಾ ಅವರ ಗಾಜು. ಪರದೆ ಕಪ್ಪಾಗುತ್ತದೆ. ಖೂ ಬೆಳಕು ಹೆಚ್ಚಿಸುತ್ತಾರೆ. ಇನ್ನೂ ಕಪ್ಪು. ಒಂದು ಚುಕ್ಕಿಯೂ ಇಲ್ಲ. ಅಷ್ಟು ಚಂದದ ಕತ್ತಲನ್ನು ನಾನು ಈವರೆಗೆ ನೋಡಿಲ್ಲ.

"ಕ್ವಾಲಾ ಕುರಾವ್‌ಗೆ ಪೆಟ್ಟಿಗೆ ಕಟ್ಟಿಸಿ," ಎನ್ನುತ್ತಾರೆ ಖೂ.

ಸಂಜೆ ಖರ್ಜೂರ ಬಾಯಿಗಿಟ್ಟು ಉಪವಾಸ ಮುರಿದವರೇ ರೊಕಿಯಾ ತಂಗಿಗೆ ಫೋನ್ ಮಾಡುತ್ತಾರೆ. ಸಬರಿಯಾಳ ದನಿ ನನಗೂ ಕೇಳುತ್ತದೆ: "ಚಿಪ್ ಮೇಲೆ ನಿನ್ನ ಹೆಸರು ಹಾಕಿದ್ದಾರಾ ಅಕ್ಕಾ?"

"ಹೆಸರು ಯಾತಕ್ಕೆ?" ಎನ್ನುತ್ತಾರೆ ರೊಕಿಯಾ, ಕಣ್ಣೊರೆಸಿಕೊಂಡು. "ನಿನ್ನ ಬೆರಳಿಗೆ ಮತ್ತೆ ಸೂಜಿ ಚುಚ್ಚಿದ ದಿನ, ಜ್ವರ ಇದ್ರೆ ಇದೆ ಅನ್ಲಿ, ಇಲ್ದಿದ್ರೆ ಇಲ್ಲ ಅನ್ಲಿ. ನಿಜ ಹೇಳಿದ್ರೆ ಸಾಕು ಕಣೇ."