ಕಾರಿನಲ್ಲಿಟ್ಟ ಮೀನೆಣ್ಣೆ

ಪರದೇಶದ ನೇಸ್ ಎಂಬ ಊರಿನಲ್ಲಿ ನಾವು ಹೋಗುತ್ತಿದ್ದ ಔಷಧದಂಗಡಿಯ ಫಾರ್ಮಸಿಸ್ಟ್ ಮೈಸೂರಿನವರು. ಮಾತ್ರೆಯ ಪೊಟ್ಟಣವನ್ನು ಕೌಂಟರಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿ, "ಇದರ ಜೊತೆ ಇನ್ನೇನ್ ತಗೋತಿದ್ದೀರಾ?" ಎಂದು ಕೇಳುತ್ತಿದ್ದರು. ಉತ್ತರ ಬರುವ ತನಕ ಕೈ ಎತ್ತುತ್ತಿರಲಿಲ್ಲ.

"ಏನೂ ಇಲ್ಲ ಮೇಡಂ" ಎಂದು ನಾನು ಪ್ರತಿ ಸಲವೂ ಸುಳ್ಳು ಹೇಳುತ್ತಿದ್ದೆ. ಕೊಲೆಸ್ಟ್ರಾಲ್ ಇಳಿಸುವ ಆ ಮಾತ್ರೆ ಬರೀ ಕೆಮಿಕಲ್ ಎಂದು ಡ್ರಾಯರಿಗೆ ತಳ್ಳಿ, ಮೀನೆಣ್ಣೆಯ ಕ್ಯಾಪ್ಸೂಲ್ ನುಂಗುತ್ತಿದ್ದೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನೆ ನಮ್ಮದು. ಹಾಗಾಗಿ ಡಬ್ಬಿ ಕಾರಿನಲ್ಲಿತ್ತು. ಮೀನು ಹೊಸ್ತಿಲು ದಾಟದಿದ್ದರೆ ಮೈಲಿಗೆಯಿಲ್ಲ ಎಂಬುದು ನಾನೇ ಬರೆದುಕೊಂಡ ಶಾಸ್ತ್ರ.

ಮುಂದಿನ ರಕ್ತಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇನ್ನೂ ಏರಿತ್ತು. ನೆಗಡಿಯಿಂದ ಮೂಗು ಕಟ್ಟಿದ್ದ ಹೆಂಡತಿ ನನ್ನನ್ನು ಅಂಗಡಿಗೆ ಎಳೆದುಕೊಂಡು ಬಂದಳು. ಮೇಡಂ ಅಂಗೈ ಊರಿ ಅದೇ ಪ್ರಶ್ನೆ ಕೇಳಿದರು. "ಏನೂ ಇಲ್ಲ" ಎನ್ನಲು ಬಾಯಿ ತೆರೆದೆ. ತೇಗು ಬಂತು. ಘಮಘಮ ಮೀನಿನ ತೇಗು.

ಅವರು ನನ್ನನ್ನೊಮ್ಮೆ ನೋಡಿ, ಹೆಂಡತಿಯ ಕಡೆ ತಿರುಗಿದರು.

"ಇಲ್ಲಿಗೆ ಒಬ್ರು ಬರ್ತಾರೆ ಕಣ್ರೀ. ಈ ಮಾತ್ರೆ ಬಿಟ್ಟು ಮೀನೆಣ್ಣೆ ಹಿಡಿದ್ರು. ಮೀನೆಣ್ಣೆ ಇಳಿಸೋದು ಟ್ರೈಗ್ಲಿಸರೈಡ್ ಅನ್ನೋ ಕೊಬ್ಬನ್ನ. ಕೆಟ್ಟ ಕೊಲೆಸ್ಟ್ರಾಲ್‌ಗೆ ಈ ಮಾತ್ರೇನೇ ಬೇಕು. ಇನ್ನು ರಕ್ತ ತೆಳು ಮಾಡೋ ಔಷಧಿ ತಗೊಳ್ಳೋರು ಮೀನೆಣ್ಣೆ ವಿಷಯ ಮುಚ್ಚಿಟ್ರೆ ಅಪಾಯ, ರಕ್ತ ನಿಲ್ಲೋದು ತಡ ಆಗಬಹುದು."

"ಎಂಥ ಪೆದ್ದ ಇರ್ಬೇಕು, ಅಲ್ವಾ ರೀ?" ಎಂದು ಹೆಂಡತಿ ನಕ್ಕಳು.

"ಹೂಂ, ಶುದ್ಧ ಪೆದ್ದ" ಎಂದೆ.

ಮೇಡಂ ಪೊಟ್ಟಣದ ಮೇಲಿಂದ ಕೈ ಎತ್ತಿದರು.